ಈ ಕೀಗಳನ್ನೆಲ್ಲ ಯಾರಿಗೆ ಕೊಡಲಿ? ಬೀದಿಯೊಂದರ ಫೈಲು ಹಿಡಿದಿರುವ ಸದಸ್ಯರಿಗೆ ಬಹಿರಂಗ ಪತ್ರ

ಮಾನ್ಯ ಸದಸ್ಯರೇ,

ನಮಸ್ಕಾರ. ಈ ಪತ್ರದ ಮೇಲೆ ನಿಮ್ಮ ಹೆಸರಿಲ್ಲ. ಬೇಕೆಂದೇ ಬರೆದಿಲ್ಲ. ಬೀದಿಯೊಂದನ್ನು ಅಗಲ ಮಾಡುವ, ಅಗೆಯುವ ಅಥವಾ ಅಲ್ಲಿನ ಅಂಗಡಿಗಳನ್ನು ಬೇರೆ ಕಡೆಗೆ ಕಳಿಸುವ ಫೈಲು ಯಾರ ಮೇಜಿನ ಮೇಲಿದೆಯೋ ಅವರಿಗೆ ಇದು. ಅಂಥದ್ದೊಂದು ಫೈಲು ಯಾವಾಗಲೂ ಯಾರದಾದರೂ ಮೇಜಿನ ಮೇಲೆ ಇದ್ದೇ ಇರುತ್ತದೆ ಅಲ್ವಾ?

ನಾನು ವ್ಯಾಪಾರಿಯಲ್ಲ, ಬರೀ ಗಿರಾಕಿ. ಅದರಲ್ಲೂ ಅಂಥ ಲಾಭದ ಗಿರಾಕಿಯೇನಲ್ಲ. ಒಂದು ಗುಂಡಿ ಹೊಲಿಸಲು ಹೋಗಿ ಅರ್ಧ ಗಂಟೆ ಸ್ಟೂಲಿನ ಮೇಲೆ ಕೂತು ಬರುವ ಜಾತಿ.

ನಿಮ್ಮ ಫೈಲಿನೊಳಗೆ ಒಂದು ಪಟ್ಟಿ ಇರುತ್ತದೆ. ಕ್ರಮಸಂಖ್ಯೆ, ಮಾಲೀಕರ ಹೆಸರು, ಏನು ವ್ಯಾಪಾರ, ಎಷ್ಟು ಅಡಿ ಜಾಗ, ಸ್ವಂತವೋ ಬಾಡಿಗೆಯೋ. ಒಂದು ಅಂಗಡಿಗೆ ಒಂದು ಸಾಲು. ತಪ್ಪೇನಿಲ್ಲ, ಲೆಕ್ಕ ಇಡುವುದೇ ಹಾಗೆ. ಆದರೆ ಬೀದಿ ನಡೆಯುವುದು ಹಾಗಲ್ಲ. ಅಲ್ಲಿ ಅಂಗಡಿಗಳು ಒಂದಕ್ಕೊಂದು ಒರಗಿಕೊಂಡು ನಿಂತಿರುತ್ತವೆ. ಯಾವುದು ಯಾವುದಕ್ಕೆ ಒರಗಿದೆ ಎಂದು ಬರೆಯಲು ನಿಮ್ಮ ಪಟ್ಟಿಯಲ್ಲಿ ಜಾಗವೇ ಇಲ್ಲ. ನನ್ನ ತಕರಾರು ಇಷ್ಟೇ.

ನನಗೆ ಗೊತ್ತಿರುವ ಒಬ್ಬ ಟೈಲರ್ ಇದ್ದಾರೆ. ಅವರ ಹೊಲಿಗೆ ಮಿಷಿನ್ನಿನ ಹಿಂದಿನ ಗೋಡೆಗೆ ಒಂದು ಹಲಗೆ, ಹಲಗೆಗೆ ಸಾಲಾಗಿ ಮೊಳೆ. ಒಂದೊಂದು ಮೊಳೆಗೂ ಒಂದೊಂದು ಕೀ ನೇತುಹಾಕಿದ್ದಾರೆ. ಎಲ್ಲ ಅಕ್ಕಪಕ್ಕದ ಮನೆಗಳವು. ಕೆಲಸಕ್ಕೆ ಹೋಗುವವರು, ಶಾಲೆಯಿಂದ ಮೊದಲು ಬರುವ ಮಗುವಿಗೆ ಸಿಗಲಿ ಎಂದು ಬಿಟ್ಟುಹೋದ ಕೀಗಳು. ಹೆಸರಿನ ಚೀಟಿ ಇಲ್ಲ. ಪ್ರತಿ ಕೀಗೂ ಬೆರಳಗಲದ ಒಂದು ಬಟ್ಟೆ ಚೂರು ಕಟ್ಟಿದೆ. ನೀಲಿ ಚೌಕುಳಿ, ಹಸಿರು ಗೆರೆ, ಹೂವಿನ ಪ್ರಿಂಟು. ಆಯಾ ಮನೆಯವರಿಗೆ ಹೊಲಿದುಕೊಟ್ಟ ಬಟ್ಟೆಯಲ್ಲಿ ಉಳಿದ ತುಂಡು ಅದು. ‘ಹೆಸರು ಬರೆದರೆ ಕಳ್ಳನಿಗೂ ಗೊತ್ತಾಗುತ್ತೆ. ಬಟ್ಟೆಯಾದರೆ ನನಗೊಬ್ಬನಿಗೇ ಗೊತ್ತು’ ಅಂತಾರೆ ಅವರು. ಇಷ್ಟು ಒಳ್ಳೆಯ ಪಾಸ್‌ವರ್ಡ್ ನನ್ನ ಫೋನಿಗೂ ಇಲ್ಲ.

ಅವರ ಪಕ್ಕದಲ್ಲಿ ದಾರ, ಗುಂಡಿ, ಜಿಪ್ಪು ಮಾರುವ ಅಂಗಡಿ. ಟೈಲರ್ ಬಟ್ಟೆ ಎತ್ತಿ ತೋರಿಸಿದರೆ ಸಾಕು, ಅಲ್ಲಿನ ಹೆಂಗಸು ಎರಡು ರೀಲು ಹಿಡಿದು ಬಾಗಿಲ ಹೊರಗೆ ಬಂದು ಬಿಸಿಲಲ್ಲಿ ಬಣ್ಣ ಹೊಂದಿಸುತ್ತಾರೆ. ಟ್ಯೂಬ್‌ಲೈಟಿನ ಬೆಳಕಿನಲ್ಲಿ ಬಣ್ಣ ಮೋಸ ಮಾಡುತ್ತದಂತೆ. ದುಡ್ಡು ಆಗಲೇ ಕೊಡಬೇಕಿಲ್ಲ. ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಗೆರೆ ಹಾಕುತ್ತಾರೆ, ತಿಂಗಳ ಕೊನೆಗೆ ಎಣಿಸುತ್ತಾರೆ. ಆಚೆ ಬದಿಯ ಜೆರಾಕ್ಸ್ ಅಂಗಡಿಯವನ ಹತ್ತಿರ ಚಿಲ್ಲರೆ ಯಾವಾಗಲೂ ಜಾಸ್ತಿ, ಟೈಲರ್ ಹತ್ತಿರ ಯಾವಾಗಲೂ ದೊಡ್ಡ ನೋಟು. ದಿನಕ್ಕೆ ನಾಲ್ಕು ಸಲ ಅದು ರಸ್ತೆ ದಾಟುತ್ತದೆ. ಜೆರಾಕ್ಸಿಗೆ ಬಂದವರು ಕಾಯುತ್ತಾ ನಿಂತಾಗ ಹರಿದ ಬ್ಯಾಗು ನೆನಪಾಗುತ್ತದೆ. ಬ್ಯಾಗು ಟೈಲರ್ ಹತ್ತಿರ ಹೋಗುತ್ತದೆ, ಟೈಲರ್ ಜಿಪ್ಪಿಗಾಗಿ ಪಕ್ಕಕ್ಕೆ ಕೈ ಚಾಚುತ್ತಾರೆ. ಈಗ ಜೆರಾಕ್ಸ್ ಅಂಗಡಿಯ ಸಾಲೊಂದನ್ನೇ ಹೊಡೆದುಹಾಕಿ ನೋಡಿ. ಉಳಿದ ಇಬ್ಬರ ಹೆಸರು ಪಟ್ಟಿಯಲ್ಲಿ ಹಾಗೇ ಇರುತ್ತದೆ, ಗಿರಾಕಿ ಮಾತ್ರ ಇರುವುದಿಲ್ಲ.

ಇದನ್ನೆಲ್ಲ ಓದಿ, ಅಲ್ಲಿರುವವರೆಲ್ಲ ದೇವರಂಥ ಜನ ಎಂದುಕೊಳ್ಳಬೇಡಿ. ಈ ಟೈಲರ್ ಮತ್ತು ಎದುರಿನ ಇಸ್ತ್ರಿಯವರು ಎರಡು ವರ್ಷದಿಂದ ಮಾತಾಡಿಲ್ಲ. ಯಾವುದೋ ಕೋಟಿನ ಮೇಲೆ ಬಿದ್ದ ಸುಟ್ಟ ಗುರುತಿನ ಜಗಳ. ಆದರೂ ಇಸ್ತ್ರಿಯವರ ಮನೆ ಕೀ ಅದೇ ಹಲಗೆಯ ಮೇಲಿದೆ! ಹೊಸಬರಿಗೆ ಈ ಬೀದಿಗಳು ಸಲೀಸಲ್ಲ ಎನ್ನುವುದೂ ನಿಜ. ಆ ದಾರದ ಅಂಗಡಿಯ ಹೆಂಗಸು ಬಂದ ಹೊಸದರಲ್ಲಿ ಮೂರು ತಿಂಗಳು ಯಾರೂ ಅವರಿಗೆ ಚಿಲ್ಲರೆ ಕೊಡಲಿಲ್ಲವಂತೆ. ಅದನ್ನವರು ಈಗ ನಗುತ್ತಾ ಹೇಳುತ್ತಾರೆ, ಆದರೆ ಮರೆತಿಲ್ಲ. ಒಗ್ಗಟ್ಟು ಇರುವ ಕಡೆ ಹೊರಗಿಡುವುದೂ ಇರುತ್ತದೆ. ಅದನ್ನು ನಾನು ಮುಚ್ಚಿಡುವುದಿಲ್ಲ.

ಈ ಕೀ, ಚಿಲ್ಲರೆ ಕಥೆ ಚೆನ್ನಾಗಿದೆ, ಆದರೆ ಇದಕ್ಕೆ ಬೆಲೆ ಕಟ್ಟುವುದು ಹೇಗೆ ಅಂತೀರಿ. ಬೆಲೆ ಕಟ್ಟಲು ನನಗೂ ಬರುವುದಿಲ್ಲ. ಇಲ್ಲದಾಗ ಏನಾಯಿತು ಎಂದು ಹೇಳಬಲ್ಲೆ.

1995ರ ಜುಲೈನಲ್ಲಿ ಅಮೆರಿಕದ ಶಿಕಾಗೋ ನಗರದಲ್ಲಿ ವಿಪರೀತ ಸೆಕೆ. ಕೆಲವೇ ದಿನಗಳಲ್ಲಿ ಮಾಮೂಲಿಗಿಂತ 739 ಸಾವು ಜಾಸ್ತಿ ಆದವು. ಬಹಳಷ್ಟು ಮಂದಿ ಒಂಟಿಯಾಗಿ ಬದುಕುತ್ತಿದ್ದ ವಯಸ್ಸಾದವರು. ಕಿಟಕಿ ಬಾಗಿಲು ಹಾಕಿಕೊಂಡು ಒಳಗೇ ಉಳಿದವರು. ಅಲ್ಲಿ ಒಂದಕ್ಕೊಂದು ಅಂಟಿಕೊಂಡ ಎರಡು ಬಡಾವಣೆಗಳಿವೆ, ನಾರ್ತ್ ಲಾನ್‌ಡೇಲ್ ಮತ್ತು ಸೌತ್ ಲಾನ್‌ಡೇಲ್. ಎರಡೂ ಕಡೆ ಬಡತನವಿತ್ತು, ಎರಡೂ ಕಡೆ ಒಂಟಿ ಮುದುಕರಿದ್ದರು. ಸೆಕೆಯಂತೂ ಒಂದೇ. ಆದರೆ ನಾರ್ತ್ ಲಾನ್‌ಡೇಲಿನಲ್ಲಿ ಲಕ್ಷ ಜನಕ್ಕೆ 40ರ ಲೆಕ್ಕದಲ್ಲಿ ಸತ್ತರೆ, ಸೌತ್ ಲಾನ್‌ಡೇಲಿನಲ್ಲಿ ಲಕ್ಷಕ್ಕೆ 4. ಆಮೇಲೆ ಒಬ್ಬ ಸಮಾಜಶಾಸ್ತ್ರಜ್ಞ ಎರಡೂ ಕಡೆ ಓಡಾಡಿ ನೋಡಿದ. ಒಂದು ಕಡೆ ಕಾರ್ಖಾನೆಗಳು ಹೋಗಿ, ಅಂಗಡಿಗಳು ಮುಚ್ಚಿ, ಖಾಲಿ ಸೈಟುಗಳು ಉಳಿದಿದ್ದವು. ಇನ್ನೊಂದು ಕಡೆ ಬೀದಿ ತುಂಬ ಅಂಗಡಿ, ಫುಟ್‌ಪಾತ್ ತುಂಬ ಜನ. ಒಂಟಿ ಮುದುಕರಿಗೂ ಹೊರಗೆ ಬರಲು ಒಂದು ನೆಪ ಇತ್ತು, ಬಂದರೆ ಒಳಗೆ ಹೋಗಿ ತಣ್ಣಗೆ ನಿಲ್ಲಲು ಜಾಗ ಇತ್ತು.

ಅಂಗಡಿಗಳೇ ಜೀವ ಉಳಿಸಿದವು ಎಂದು ನಾನು ಹೇಳುತ್ತಿಲ್ಲ. ಎರಡು ಬಡಾವಣೆಗಳ ಜನ, ಅವರ ಕುಟುಂಬಗಳು ಬೇರೆ ಬೇರೆ. ಈ ವಿವರಣೆಯನ್ನು ಒಪ್ಪದ ತಜ್ಞರೂ ಇದ್ದಾರೆ. ಆದರೂ ‘ಇವತ್ತು ಅಜ್ಜ ಬರಲಿಲ್ಲವಲ್ಲ’ ಎಂದು ಕೌಂಟರ್ ಹಿಂದಿನಿಂದ ಯಾರೋ ಒಬ್ಬರು ಕೇಳುವುದು ಸಣ್ಣ ವಿಷಯವಲ್ಲ. ಆ ಪ್ರಶ್ನೆ ಕೇಳಲು ಯಾವ ಇಲಾಖೆಯೂ ಸಂಬಳ ಕೊಡುವುದಿಲ್ಲ.

ಇನ್ನೊಂದು ಬೀದಿಯ ಕಥೆ ಹೇಳಲೇಬೇಕು. ಇದರಲ್ಲಿ ನಿಮ್ಮಂಥವರ ಪಾತ್ರವೂ ಇದೆ.

ನ್ಯೂಯಾರ್ಕಿನಲ್ಲಿ ‘ರೇಡಿಯೋ ರೋ’ ಅಂತ ಒಂದು ಜಾಗ ಇತ್ತು. 1921ರಲ್ಲಿ ಕೋರ್ಟ್‌ಲ್ಯಾಂಡ್ ಸ್ಟ್ರೀಟಿನಲ್ಲಿ ಒಬ್ಬರು ರೇಡಿಯೋ ಅಂಗಡಿ ತೆರೆದರು. ಪಕ್ಕದಲ್ಲಿ ಇನ್ನೊಬ್ಬರು, ಅವರ ಪಕ್ಕ ಮತ್ತೊಬ್ಬರು. ಬರುತ್ತಾ ಬರುತ್ತಾ ಸುತ್ತಲಿನ ಬೀದಿಗಳೆಲ್ಲ ಹಳೇ ರೇಡಿಯೋ, ವಾಲ್ವು, ವೈರು, ಯುದ್ಧದಲ್ಲಿ ಮಿಕ್ಕ ಬಿಡಿಭಾಗಗಳಿಂದ ತುಂಬಿಹೋದವು. ಒಂದೇ ಸರಕು ಮಾರುವವರು ಒಂದೇ ಕಡೆ ಕೂತರೆ ಹೊಡೆದಾಡಿ ಸಾಯುತ್ತಾರೆ ಎಂದು ಹೊರಗಿನವರಿಗೆ ಅನಿಸುತ್ತದೆ. ಹಾಗಾಗುವುದಿಲ್ಲ. ಗಿರಾಕಿ ಬರುವುದು ಒಂದು ಅಂಗಡಿಗಲ್ಲ, ಬೀದಿಗೆ. ಇಲ್ಲಿ ಸಿಗದಿದ್ದರೆ ಅಲ್ಲಿ ಸಿಗುತ್ತದೆ ಎಂಬ ಧೈರ್ಯಕ್ಕೆ ಬರುತ್ತಾರೆ.

1962ರಲ್ಲಿ ಆ ಜಾಗಕ್ಕೆ ದೊಡ್ಡ ಯೋಜನೆ ಬಂತು, ವರ್ಲ್ಡ್ ಟ್ರೇಡ್ ಸೆಂಟರ್. ಆಸ್ಕರ್ ನಾಡೆಲ್ ಎಂಬ ರೇಡಿಯೋ ವ್ಯಾಪಾರಿ ಉಳಿದವರನ್ನು ಒಟ್ಟುಗೂಡಿಸಿದರು. ಶವಪೆಟ್ಟಿಗೆ ಹೊತ್ತು ಬೀದಿಯಲ್ಲಿ ಮೆರವಣಿಗೆ ಮಾಡಿದರು. ಪೆಟ್ಟಿಗೆಯೊಳಗೆ ಒಂದು ಗೊಂಬೆ, ಅದರ ಹೆಸರು ‘ಶ್ರೀಮಾನ್ ಸಣ್ಣ ವ್ಯಾಪಾರಿ’. ಕೋರ್ಟಿಗೂ ಹೋದರು. ಆ ಕೇಸು ಇವತ್ತಿಗೂ ಕಾನೂನು ಪುಸ್ತಕಗಳಲ್ಲಿರುವುದು ಅಲ್ಲಿನ ಒಂದು ಸ್ಯಾಂಡ್‌ವಿಚ್ ಅಂಗಡಿಯ ಹೆಸರಿನಲ್ಲಿ. 1963ರಲ್ಲಿ ಸೋತರು. 1966ರಲ್ಲಿ ಕೆಡವುವ ಕೆಲಸ ಶುರುವಾಯಿತು. 300ಕ್ಕೂ ಹೆಚ್ಚು ಅಂಗಡಿಗಳು ಹೋದವು. ಪರಿಹಾರ ಎಂದು ತಲಾ 3,000 ಡಾಲರ್. ನಲವತ್ತು ವರ್ಷದ ಅಂಗಡಿಗೂ ಅಷ್ಟೇ, ನಿನ್ನೆ ಬಂದವರಿಗೂ ಅಷ್ಟೇ. ಒಂದು ಸಾಲಿಗೆ ಒಂದು ಮೊತ್ತ. ಕೆಲವರು ನಗರದ ಬೇರೆ ಬೀದಿಗಳಲ್ಲಿ ಅಂಗಡಿ ಹಾಕಿದರು, ಬಹಳ ಮಂದಿ ಬಾಗಿಲು ಹಾಕಿದರು. ಮುನ್ನೂರು ಅಂಗಡಿಗಳ ಬೆಲೆ ಕೊಟ್ಟವರು ಒಂದು ಬೀದಿಯ ಬೆಲೆ ಕೊಡಲಿಲ್ಲ.

ಯೋಜನೆ ಬೇಡವೇ ಬೇಡ ಎನ್ನುವವನಲ್ಲ ನಾನು. ಚರಂಡಿ ಬೇಕು, ನೀರಿನ ಪೈಪು ಹಾಕಬೇಕು, ಆಂಬುಲೆನ್ಸ್ ಹೋಗುವಷ್ಟು ರಸ್ತೆ ಇರಬೇಕು. ಅಂಗಡಿಯವರೂ ಅದನ್ನೇ ಹೇಳುತ್ತಾರೆ. ಅವರು ಹೆದರುವುದು ಅಗೆತಕ್ಕಲ್ಲ, ಯಾವಾಗ ಮುಗಿಯುತ್ತದೋ ಗೊತ್ತಿಲ್ಲದ ಅಗೆತಕ್ಕೆ. ದೊಡ್ಡ ಅಂಗಡಿಗೆ ಆರು ತಿಂಗಳು ಧೂಳು ಎಂದರೆ ಲೆಕ್ಕದ ಪುಸ್ತಕದಲ್ಲಿ ಒಂದು ಸಾಲಿನ ನಷ್ಟ. ಸಣ್ಣ ಅಂಗಡಿಯವರಿಗೆ ಇವತ್ತಿನ ಗಲ್ಲಾಪೆಟ್ಟಿಗೆಯೇ ನಾಳೆಯ ಬಂಡವಾಳ. ಹದಿನೈದು ದಿನ ಗಿರಾಕಿ ಬರದಿದ್ದರೆ ಸರಕು ತರಲು ದುಡ್ಡಿಲ್ಲ, ಸರಕಿಲ್ಲದಿದ್ದರೆ ಬಂದ ಗಿರಾಕಿಯೂ ವಾಪಸ್. ಗುಂಡಿಯ ಮೇಲೆ ಒಂದು ಹಲಗೆ ಹಾಕಿಸಿ ಕೈಹಿಡಿದು ಅಜ್ಜಿಯನ್ನು ದಾಟಿಸುವುದನ್ನು ನಾನು ನೋಡಿದ್ದೇನೆ. ಆ ಹಲಗೆಯನ್ನೂ ಅಂಗಡಿಯವರೇ ತಂದಿದ್ದರು. ಆದ್ದರಿಂದ ಬಾಗಿಲ ಮುಂದೆ ಅಗೆಯುವ ಮೊದಲು, ಶುರುವಾಗುವ ತಾರೀಕು ಮತ್ತು ಮುಗಿಯುವ ತಾರೀಕು ಎರಡನ್ನೂ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿ. ಮುಗಿಯದಿದ್ದರೆ ಹೊಸ ತಾರೀಕು ಬರೆಯಲು ನೀವೇ ಬನ್ನಿ. ಗುತ್ತಿಗೆದಾರರ ಹುಡುಗನನ್ನು ಕಳಿಸಬೇಡಿ, ಬೈಸಿಕೊಳ್ಳುವ ಕೆಲಸ ಅವನದಲ್ಲ.

ಬೇರೆ ಕಡೆ ಕಳಿಸಲೇಬೇಕು ಎಂದಾದರೆ ಒಂದೇ ಒಂದು ಮಾತು. ಲಾಟರಿ ಎತ್ತಬೇಡಿ. ಲಾಟರಿ ಎತ್ತಿದರೆ ಪಕ್ಷಪಾತ ಇಲ್ಲ ಎಂದು ಅನಿಸುತ್ತದೆ, ಪೇಪರಿನಲ್ಲೂ ಚೆನ್ನಾಗಿ ಕಾಣುತ್ತದೆ. ಆದರೆ ಟೈಲರ್ ಒಂದನೇ ಮಹಡಿಗೆ, ದಾರದ ಅಂಗಡಿ ಹಿಂದಿನ ಮೂಲೆಗೆ, ಜೆರಾಕ್ಸ್ ಇನ್ನೆಲ್ಲೋ ಹೋಗುತ್ತದೆ. ಹೊಸ ಕಟ್ಟಡ, ಒಳ್ಳೆಯ ಶಟರ್, ಮೇಲೆ ಫ್ಯಾನು. ವರ್ಷದೊಳಗೆ ಅರ್ಧ ಶಟರ್ ಮುಚ್ಚಿದರೆ ‘ಇವರಿಗೆ ಎಷ್ಟು ಮಾಡಿಕೊಟ್ಟರೂ ಅಷ್ಟೇ’ ಎಂದು ಬೈಯುವುದು. ಅಕ್ಕಪಕ್ಕದವರನ್ನು ಅಕ್ಕಪಕ್ಕದಲ್ಲೇ ಕೂರಿಸಿ. ಯಾರ ಪಕ್ಕ ಯಾರು ಬೇಕು ಎಂದು ಅವರನ್ನೇ ಕೇಳಿ. ಎರಡು ದಿನ ಜಗಳ ಆಡುತ್ತಾರೆ, ಮೂರನೇ ದಿನ ಚೀಟಿಯಲ್ಲಿ ಬರೆದುಕೊಡುತ್ತಾರೆ. ಇಸ್ತ್ರಿಯವರು ಯಾರ ಎದುರು ಕೂರಬೇಕೆಂದು ಕೇಳುತ್ತಾರೋ ನನಗೂ ಕುತೂಹಲ ಇದೆ.

ಹಾಗೇ ಇನ್ನೊಂದು. ಕಚೇರಿಗಳು ಸಣ್ಣ ಅಂಗಡಿಗಳಿಂದ ಪ್ರಿಂಟು, ಬೈಂಡಿಂಗು, ಸಮವಸ್ತ್ರ ಎಲ್ಲ ಮಾಡಿಸಿಕೊಂಡು ಬಿಲ್ಲನ್ನು ತಿಂಗಳುಗಟ್ಟಲೆ ಇಟ್ಟುಕೊಳ್ಳುತ್ತವೆ. ಕೊಡುವವರಿಗೆ ಅದು ಒಂದು ಸಹಿ, ಅಷ್ಟೇ. ಯುರೋಪಿಯನ್ ಒಕ್ಕೂಟ 2011ರ ತನ್ನ ನಿಯಮದಲ್ಲಿ ಸರ್ಕಾರಿ ಕಚೇರಿಗಳು ಸಾಮಾನ್ಯವಾಗಿ 30 ದಿನದೊಳಗೆ ಹಣ ಕೊಡಬೇಕು, ತಡವಾದರೆ ಬಡ್ಡಿ ಸೇರಿಸಿ ಕೊಡಬೇಕು ಎಂದು ಬರೆಯಿತು. ಅಲ್ಲೂ ತಡ ಆಗುತ್ತಲೇ ಇದೆ, ಅದು ಬೇರೆ ಮಾತು. ಪ್ರತಿ ವರ್ಷ ಜೂನ್ 27ರಂದು ವಿಶ್ವಸಂಸ್ಥೆ ಸಣ್ಣ ಉದ್ದಿಮೆಗಳ ದಿನ ಆಚರಿಸುತ್ತದೆ. ಆ ದಿನ ನಿಮ್ಮನ್ನು ಭಾಷಣಕ್ಕೆ ಕರೆದರೆ ದಯವಿಟ್ಟು ಹೋಗಬೇಡಿ. ಕಚೇರಿಯಲ್ಲೇ ಕೂತು ಹಳೇ ಬಿಲ್ಲುಗಳಿಗೆ ಸಹಿ ಹಾಕಿ. ಹಾರ ಆಮೇಲೆ ನಾವೇ ತಂದು ಹಾಕುತ್ತೇವೆ.

ಮೊನ್ನೆ ಆ ಟೈಲರ್ ಹತ್ತಿರ ಹೋಗಿದ್ದೆ. ಬೀದಿ ಅಗಲ ಆಗುತ್ತದಂತೆ ಎಂಬ ಸುದ್ದಿ ಅವರ ಕಿವಿಗೂ ಬಿದ್ದಿತ್ತು. ನಷ್ಟ, ಪರಿಹಾರ ಎಂದು ಏನಾದರೂ ಹೇಳುತ್ತಾರೆ ಎಂದುಕೊಂಡೆ. ಅವರು ಮಿಷಿನ್ ನಿಲ್ಲಿಸಿ ಹಲಗೆಯ ಕಡೆ ತಿರುಗಿ ನೋಡಿ, ‘ಸರಿ, ನಾನು ಹೇಗೋ ಹೋಗ್ತೀನಿ. ಈ ಕೀಗಳನ್ನೆಲ್ಲ ಯಾರಿಗೆ ಕೊಡಲಿ?’ ಎಂದರು. ನನಗೆ ಉತ್ತರ ಹೊಳೆಯಲಿಲ್ಲ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ಸಹಿ ಹಾಕುವ ಮೊದಲು ಒಂದು ದಿನ ಬನ್ನಿ. ಕಾರು ತಿರುವಿನಲ್ಲೇ ಬಿಟ್ಟು ನಡೆದು ಬನ್ನಿ. ಬೀದಿಯ ನಕ್ಷೆಯನ್ನೂ ಒಂದು ಪೆನ್ಸಿಲನ್ನೂ ತನ್ನಿ. ಯಾರ ಅಂಗಡಿಯಿಂದ ಯಾರ ಅಂಗಡಿಗೆ ಗಿರಾಕಿ ಹೋದರು, ಚಿಲ್ಲರೆ ಹೋಯಿತು, ಸಾಲದ ಗೆರೆ ಬಿತ್ತು ಎಂದು ನೋಡಿದಾಗಲೆಲ್ಲ ನಕ್ಷೆಯ ಮೇಲೆ ಒಂದು ಗೆರೆ ಎಳೆಯಿರಿ. ಸಂಜೆಗೆ ಆ ನಕ್ಷೆಯನ್ನೂ ಫೈಲಿಗೆ ಸೇರಿಸಿ. ಕೂರಲು ಸ್ಟೂಲು ಇದೆ. ಒಂದು ಕಾಲು ಸ್ವಲ್ಪ ಗಿಡ್ಡ, ಕೆಳಗೆ ಬಟ್ಟೆ ಮಡಿಸಿ ಇಟ್ಟುಕೊಳ್ಳಬೇಕು. ಮಧ್ಯಾಹ್ನ ಎರಡರಿಂದ ಮೂರರವರೆಗೆ ಟೈಲರ್ ಸಣ್ಣ ನಿದ್ದೆ ಮಾಡುತ್ತಾರೆ. ಆಗ ಬರಬೇಡಿ.

ಇಂತಿ,
ಆ ಬೀದಿಯ ಒಬ್ಬ ಗಿರಾಕಿ