ಅಂಗೈಯಗಲದ ಮಣ್ಣಿನ ಬಿಲ್ಲೆ

ಪುಟ್ಟಿ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. "ಸಿಕ್ಕಿದ್ದೇ ಮೂರು ದಿನ ರಜ, ಅಷ್ಟು ದೂರ ಹೋಗಿ ಒಡೆದ ಮಡಕೆ ನೋಡ್ಕೊಂಡು ಬಂದ್ಯಾ ಅಮ್ಮ?" ಅಂದೆ. ನಾನು ನಕ್ಕು ಸುಮ್ಮನಾದೆ. ವಿಡಿಯೊ ಕಾಲಿನಲ್ಲಿ ಇಂಥದ್ದೆಲ್ಲ ಹೇಳೋಕೆ ಆಗೋದಿಲ್ಲ ಕಣೇ. ಮಧ್ಯದಲ್ಲಿ ನೆಟ್‌ವರ್ಕ್ ಕೈಕೊಡುತ್ತೆ, ಇಲ್ಲ ಅಜ್ಜಿ ಬಂದು "ಊಟ ಆಯ್ತೇನೇ" ಅನ್ನುತ್ತಾರೆ, ಇಲ್ಲ ನನಗೇ ಗಂಟಲು ಕಟ್ಟುತ್ತೆ. ಅದಕ್ಕೆ ಬರೆಯುತ್ತಿದ್ದೇನೆ. ಉದ್ದ ಆಗುತ್ತೆ. ಬೇಜಾರಾದರೆ ಅರ್ಧಕ್ಕೆ ಬಿಟ್ಟು ಆಮೇಲೆ ಓದು.

ಇದು ಶುರುವಾಗಿದ್ದು ನಿನ್ನಿಂದಲೇ. ಟೋಕಿಯೊದ ಉಯೆನೊ ಪಾರ್ಕಿನಲ್ಲಿರುವ ರಾಷ್ಟ್ರೀಯ ಮ್ಯೂಸಿಯಂನಿಂದ ಒಂದು ಫೋಟೊ ಕಳಿಸಿದ್ದೆನಲ್ಲ, ದಪ್ಪ ತೊಡೆ, ಗಿಡ್ಡ ಕೈ, ಮುಖದ ತುಂಬ ಎರಡೇ ಎರಡು ಉಬ್ಬಿದ ಕಣ್ಣು, ಕಣ್ಣಿನ ನಡುವೆ ಅಡ್ಡ ಗೆರೆ. ನೀನು "ಇದು ಏಲಿಯನ್, ಯೂಟ್ಯೂಬಲ್ಲಿ ನೋಡಿದ್ದೀನಿ" ಅಂತ ಮೆಸೇಜ್ ಹಾಕಿದೆ. ಏಲಿಯನ್ನೂ ಇಲ್ಲ ಏನೂ ಇಲ್ಲ. ಅದನ್ನು ದೊಗು ಅನ್ನುತ್ತಾರೆ, ಮಣ್ಣಿನ ಬೊಂಬೆ ಅಂತ ಅಷ್ಟೇ. ಉತ್ತರದ ಹಿಮದ ನಾಡಿನವರು ಬೆಳಕಿಗೆ ಕಣ್ಣು ಕುಕ್ಕಬಾರದು ಅಂತ ಸಣ್ಣ ಸೀಳು ಬಿಟ್ಟ ಕನ್ನಡಕ ಹಾಕಿಕೊಳ್ಳುತ್ತಿದ್ದರಲ್ಲ, ಇದರ ಕಣ್ಣೂ ಹಾಗೇ ಕಾಣುತ್ತೆ ಅಂತ ಹಿಂದಿನ ವಿದ್ವಾಂಸರು ಕನ್ನಡಕದ ಬೊಂಬೆ ಅನ್ನೋ ಅರ್ಥದ ಹೆಸರು ಇಟ್ಟುಬಿಟ್ಟರು. ಈಗ ಅದನ್ನು ಬರೀ ದೊಡ್ಡದು ಮಾಡಿ ತೋರಿಸಿದ ಕಣ್ಣು ಅಂತಲೇ ನೋಡುತ್ತಾರೆ, ಹೆಸರು ಮಾತ್ರ ಹಾಗೇ ಉಳಿದಿದೆ. ಆವೊಮೊರಿ ಕಡೆ ಕಿಜುಕುರಿ ಅಂತ ಒಂದು ಪುಟ್ಟ ರೈಲ್ವೆ ಸ್ಟೇಷನ್ ಇದೆ, ಅದರ ಮುಂದಿನ ಗೋಡೆ ಪೂರ್ತಿ ಇದೇ ಬೊಂಬೆ. ರೈಲು ಬರುವಾಗ ಕಣ್ಣು ಹೊಳೆಯುತ್ತದಂತೆ! ಅಲ್ಲಿಗೆ ಹೋಗಿದ್ದರೆ ನಿನಗೆ ಖುಷಿಯಾಗುತ್ತಿತ್ತೇನೋ. ನಾನು ಹೋಗಿದ್ದು ಇನ್ನೂ ಮೇಲಕ್ಕೆ, ಹೊಕ್ಕೈಡೊ ದ್ವೀಪದ ಹಕೊದಾತೆಗೆ.

ಟೋಕಿಯೊದಿಂದ ಬುಲೆಟ್ ರೈಲು ಶಿಂಕಾನ್ಸೆನ್‌ನಲ್ಲಿ ನಾಲ್ಕು ಗಂಟೆಯ ಮೇಲೆ. ಸಮುದ್ರದ ಅಡಿಯಲ್ಲಿ ಹೋಗುವ ಸೇಕಾನ್ ಸುರಂಗ ಸುಮಾರು 54 ಕಿಲೋಮೀಟರ್ ಇದೆ, ಒಳಗೆ ಕಿಟಕಿಯಲ್ಲಿ ನನ್ನ ಮುಖ ಬಿಟ್ಟರೆ ಏನೂ ಕಾಣಲಿಲ್ಲ. ಅಲ್ಲಿಂದ ಇನ್ನೊಂದು ರೈಲು, ಆಮೇಲೆ ಬಸ್ಸು. ಬಸ್ಸಿನಲ್ಲಿ ನನ್ನನ್ನು ಬಿಟ್ಟರೆ ಇಬ್ಬರು ಅಜ್ಜಿಯರು. ಮಿನಾಮಿಕಾಯಾಬೆ ಅಂತ ಆ ಕಡಲತೀರದ ಹೆಸರು, ಕೊಂಬು ಅನ್ನೋ ಕಡಲಪಾಚಿಗೆ ಹೆಸರುವಾಸಿ. ಇಳಿಯುತ್ತಲೇ ಅದರ ವಾಸನೆ ಮೂಗಿಗೆ ಬಡಿಯಿತು, ನಮ್ಮ ಮಂಗಳೂರು ಬಂದರಿನ ಹತ್ತಿರ ಬರುತ್ತಲ್ಲ ಆ ಥರ, ಆದರೆ ಇಲ್ಲಿ ಚಳಿ. ಅಲ್ಲೇ ಹೆದ್ದಾರಿ ಪಕ್ಕ ಹಕೊದಾತೆ ಜೋಮೋನ್ ಸಂಸ್ಕೃತಿ ಕೇಂದ್ರ ಇದೆ. 2011ರಲ್ಲಿ ಶುರುವಾಗಿದ್ದು. ಪಕ್ಕದಲ್ಲೇ ದಾರಿಹೋಕರು ನಿಂತು ತಿಂಡಿ ತಿನ್ನುವ ಜಾಗ. ಅಷ್ಟೇ. ನೋಡಿದರೆ ಇಷ್ಟೇನಾ ಅನಿಸುತ್ತೆ.

ಜೋಮೋನ್ ಅಂದರೆ ಏನು ಅಂತ ಇಲ್ಲೇ ಹೇಳಿಬಿಡುತ್ತೇನೆ, ಕಥೆ ಚೆನ್ನಾಗಿದೆ. 1877ರಲ್ಲಿ ಎಡ್ವರ್ಡ್ ಮೋರ್ಸ್ ಅನ್ನೋ ಅಮೆರಿಕದ ಪ್ರಾಣಿಶಾಸ್ತ್ರಜ್ಞ ಯೊಕೊಹಾಮಾದಿಂದ ಟೋಕಿಯೊಗೆ ರೈಲಿನಲ್ಲಿ ಹೋಗುತ್ತಿದ್ದ. ಓಮೊರಿ ಹತ್ತಿರ ಹಳಿ ಹಾಕೋಕೆ ಕಡಿದ ಮಣ್ಣಿನಲ್ಲಿ ಚಿಪ್ಪುಗಳ ಪದರ ಕಿಟಕಿಯಿಂದ ಕಾಣಿಸಿತು. ಅವನು ಜಪಾನಿಗೆ ಬಂದಿದ್ದೇ ಚಿಪ್ಪಿನ ಜೀವಿಗಳನ್ನು ಹುಡುಕಿಕೊಂಡು, ಹಾಗಾಗಿ ಕಣ್ಣು ಅಲ್ಲೇ ಹೋಯಿತು. ಬೇರೆಯವರಾಗಿದ್ದರೆ ಕಸ ಅಂದುಕೊಂಡು ಸುಮ್ಮನಿರುತ್ತಿದ್ದರು. ಅದು ಕಸವೇ, ಆದರೆ ಸಾವಿರಾರು ವರ್ಷದ ಹಿಂದಿನ ಜನ ತಿಂದು ಬಿಸಾಕಿದ ಕಸ. ಅಗೆದಾಗ ಮಡಕೆ ಚೂರು ಸಿಕ್ಕವು, ಚೂರಿನ ಮೇಲೆ ಹಗ್ಗ ಒತ್ತಿದ ಗುರುತು. ಜೋಮೋನ್ ಅಂದರೆ ಅದೇ, ಹಗ್ಗದ ಗುರುತು. ಆ ಕಾಲಕ್ಕೂ ಆ ಜನಕ್ಕೂ ಅದೇ ಹೆಸರು ಬಂತು, ದೊಗು ಮಾಡಿದವರೂ ಇವರೇ. ನೀನು ಇದನ್ನು ಮನೆಯಲ್ಲೇ ಮಾಡಿ ನೋಡಬಹುದು. ಅಜ್ಜಿ ಚಪಾತಿ ಹಿಟ್ಟು ಕಲಸಿದಾಗ ಒಂದು ಉಂಡೆ ಇಸ್ಕೋ, ದಪ್ಪಗೆ ತಟ್ಟು, ಹುರಿಗೊಳಿಸಿದ ದಾರವನ್ನು ಅದರ ಮೇಲಿಟ್ಟು ಅಂಗೈಯಲ್ಲಿ ಉರುಳಿಸು. ಓರೆಯಾಗಿ ಸಾಲು ಸಾಲು ಕಾಳು ಬಿತ್ತಿದ ಹಾಗೆ ಬರುತ್ತೆ. ಅವರೂ ಹಸಿ ಮಡಕೆ ಮೇಲೆ ಮಾಡಿದ್ದು ಅದನ್ನೇ. ಜಪಾನಿನಲ್ಲಿ ಸಿಕ್ಕ ಅತಿ ಹಳೇ ಮಡಕೆ ಚೂರುಗಳಿಗೆ 15,000 ವರ್ಷಕ್ಕೂ ಜಾಸ್ತಿ ವಯಸ್ಸು. ಗದ್ದೆ ಇಲ್ಲ, ಹೊಲ ಇಲ್ಲ, ಬೇಟೆ, ಮೀನು, ಚೆಸ್ಟ್‌ನಟ್ ಅನ್ನೋ ಕಾಡುಕಾಯಿ, ಇಷ್ಟರಲ್ಲೇ ಬದುಕು. ಆದರೂ ಒಂದೇ ಕಡೆ ಊರು ಕಟ್ಟಿಕೊಂಡು ಇದ್ದರು. ನೆಲ ಅಗೆದು ಗುಂಡಿಯೊಳಗೆ ಮನೆ. ಇಲ್ಲೇ ಹತ್ತಿರದ ಓಫುನೆಯಲ್ಲಿ ಎರಡು ಮೀಟರಿಗಿಂತ ಆಳದ ಗುಂಡಿಮನೆಗಳು ಸಿಕ್ಕಿವೆ.

ನಾನು ಹೋಗಿದ್ದು ಇಲ್ಲಿನ ಒಂದು ಬೊಂಬೆ ನೋಡೋಕೆ. ಅದರ ಕಥೆ ಆಮೇಲೆ. ಯಾಕೆಂದರೆ ಅದಕ್ಕೂ ಮೊದಲೇ ನನ್ನ ಕಾಲು ನಿಂತುಬಿಟ್ಟಿತು.

ಒಂದು ಗಾಜಿನ ಪೆಟ್ಟಿಗೆಯಲ್ಲಿ ಮಣ್ಣಿನ ಬಿಲ್ಲೆಗಳನ್ನು ಇಟ್ಟಿದ್ದರು. ಸುಟ್ಟ ಮಣ್ಣು, ಕಂದು ಬಣ್ಣ, ಅಂಗೈಯಗಲ. ಬಿಸ್ಕತ್ತೋ ಏನೋ ಅನ್ನೋ ಥರ. ಬಗ್ಗಿ ನೋಡಿದೆ. ಪಾದ, ಪುಟ್ಟಿ. ಮಗುವಿನ ಪಾದ. ಅಜ್ಜಿ ಗೋಕುಲಾಷ್ಟಮಿ ದಿನ ಮುಷ್ಟಿಯನ್ನು ಅಕ್ಕಿಹಿಟ್ಟಿನಲ್ಲಿ ಅದ್ದಿ ಬಾಗಿಲಿನಿಂದ ದೇವರಮನೆವರೆಗೆ ಒತ್ತುತ್ತಾರಲ್ಲ ಕೃಷ್ಣನ ಹೆಜ್ಜೆ, ಅದಕ್ಕಿಂತ ಸ್ವಲ್ಪ ದೊಡ್ಡದು. ಹಿಮ್ಮಡಿ ಒಂದು ಗುಳಿ. ಮುಂದೆ ಬೆರಳುಗಳು, ಒಂದೊಂದೂ ಬಟಾಣಿ ಕಾಳಷ್ಟು. ಕೆಲವದರಲ್ಲಿ ಒಂದೇ ಕಾಲು, ಕೆಲವದರಲ್ಲಿ ಎರಡೂ. ದಾರ ಪೋಣಿಸೋಕೆ ಅಂತ ಬಿಲ್ಲೆಯಲ್ಲಿ ತೂತು.

6,500 ವರ್ಷ ಹಳೆಯವು. ಅಲ್ಲೇ ಪಕ್ಕದ ಕಾಕಿನೊಶಿಮಾ ಅನ್ನೋ ಜಾಗದಲ್ಲಿ ಅಗೆದಾಗ ಸಿಕ್ಕಿದ್ದು. (ಆ ಜಾಗವೂ ಸೇರಿ ಉತ್ತರ ಜಪಾನಿನ 17 ಜೋಮೋನ್ ತಾಣಗಳು 2021ರಲ್ಲಿ ವಿಶ್ವಪರಂಪರೆ ಪಟ್ಟಿಗೆ ಸೇರಿವೆ, ನಮ್ಮ ಹಂಪಿ ಇದೆಯಲ್ಲ ಆ ಪಟ್ಟಿ.) ಆದರೆ ಎಲ್ಲಿ ಸಿಕ್ಕವು ಗೊತ್ತಾ? ಗೋರಿಗಳಲ್ಲಿ. ಅದೂ ಮಕ್ಕಳ ಗೋರಿಯಲ್ಲಲ್ಲ. ದೊಡ್ಡವರ ಗೋರಿಗಳಲ್ಲಿ.

ಫೋನಿನ ಅನುವಾದದ ಆ್ಯಪನ್ನು ಫಲಕದ ಮೇಲೆ ಹಿಡಿದು ಓದಿದೆ, ಅದು ಒಂದು ಸಾಲು ಸರಿಯಾಗಿ ಹೇಳಿದರೆ ಇನ್ನೊಂದು ಸಾಲಿನಲ್ಲಿ ಏನೇನೋ ಬಡಬಡಿಸುತ್ತೆ. ಒಟ್ಟಿನಲ್ಲಿ ಬಲ್ಲವರ ಊಹೆ ಇದು: ಮಗು ತೀರಿಕೊಂಡಾಗ ಅದರ ಪಾದವನ್ನು ಹಸಿ ಮಣ್ಣಿಗೆ ಒತ್ತಿ, ಸುಟ್ಟು, ದಾರ ಕಟ್ಟಿ ಮನೆಯಲ್ಲಿ ತೂಗುಹಾಕಿಕೊಂಡಿದ್ದರು. ಆಮೇಲೆ ಅಪ್ಪನೋ ಅಮ್ಮನೋ ಸತ್ತಾಗ ಬಿಲ್ಲೆಯನ್ನೂ ಜೊತೆಗಿಟ್ಟು ಮಣ್ಣು ಮಾಡಿದರು. ಎಲ್ಲರೂ ಇದನ್ನು ಒಪ್ಪೋದಿಲ್ಲ. ಮಗು ಬೆಳೆಯಲಿ, ಗಟ್ಟಿಯಾಗಲಿ ಅಂತ ಬದುಕಿದ್ದಾಗಲೇ ತೆಗೆದ ಗುರುತು ಇರಬಹುದು ಅನ್ನುವವರೂ ಇದ್ದಾರೆ.

ನನಗೆ ಎರಡನೆಯದು ಬೇಕು. ಕಾರಣ ಕೇಳಬೇಡ, ಪುರಾತತ್ವದ ಕಾರಣ ನನ್ನ ಹತ್ತಿರ ಯಾವುದೂ ಇಲ್ಲ. ನೀನು ಹುಟ್ಟಿದ ಮಾರನೇ ದಿನ ಆಸ್ಪತ್ರೆಯಲ್ಲಿ ಒಬ್ಬರು ನರ್ಸ್ ನಿನ್ನ ಅಂಗಾಲಿಗೆ ನೀಲಿ ಶಾಯಿ ಹಚ್ಚಿ ಕಾರ್ಡಿಗೆ ಒತ್ತೋಕೆ ಬಂದರು. ಎಳೆ ಮಕ್ಕಳ ಅಂಗಾಲು ಮುಟ್ಟಿದರೆ ಬೆರಳು ಮಡಚಿಕೊಳ್ಳುತ್ತವೆ, ಕೊಂಬೆ ಹಿಡಿಯುವ ಮರಿಕೋತಿ ಥರ. ಮೊದಲನೇ ಸಲ ಬರೀ ಹಿಮ್ಮಡಿ ಬಿತ್ತು. ಎರಡನೇ ಸಲ ಶಾಯಿ ಕಲಸಿಹೋಯಿತು. ಅಷ್ಟರಲ್ಲಿ ನೀನು ವಾರ್ಡ್ ಕಿತ್ತುಹೋಗೋ ಹಾಗೆ ಕಿರುಚಿದೆ. ಮೂರನೇ ಸಲ ನಿಮ್ಮಪ್ಪ ಬೆರಳು ಬಿಡಿಸಿ ಹಿಡಿದುಕೊಂಡರು, ನರ್ಸ್ ಒತ್ತಿದರು, ಐದೂ ಬಂತು. ನಿಮ್ಮಪ್ಪನ ಹೆಬ್ಬೆರಳ ಗುರುತೂ ಮೂಲೆಯಲ್ಲಿ ಬಂತು. ಈ ಬಿಲ್ಲೆ ಮುಂದೆ ನಿಂತಾಗ ನನಗೆ ಕಂಡಿದ್ದು ಅದೇ. ತಣ್ಣಗಿನ ಹಸಿ ಮಣ್ಣು, ಒಬ್ಬರು ಮಗುವನ್ನು ಎತ್ತಿ ಹಿಡಿದಿದ್ದಾರೆ, ಇನ್ನೊಬ್ಬರು ಕಾಲು ಹಿಡಿದು ಒತ್ತುತ್ತಿದ್ದಾರೆ, ಮಗು ಅರಚುತ್ತಿದೆ.

ಹಾಗಿರಲಿ ಅಂತ ನನಗೆ ಆಸೆ. ಆದರೆ ಬಿಲ್ಲೆ ಸಿಕ್ಕಿದ್ದು ದೊಡ್ಡವರ ಗೋರಿಯಲ್ಲಿ. ಮಗು ಬದುಕಿ ಬೆಳೆದಿದ್ದರೆ ಅದರ ಎಳೇ ಪಾದದ ಗುರುತನ್ನು ಯಾಕೆ ಜೊತೆಗೆ ತೆಗೆದುಕೊಂಡು ಹೋಗಬೇಕಿತ್ತು? ಈ ಪ್ರಶ್ನೆ ಬಸ್ಸಿನಲ್ಲಿ ವಾಪಸ್ ಬರುವಾಗ ಹೊಳೆಯಿತು, ಆಮೇಲೆ ಬಿಡಲೇ ಇಲ್ಲ.

ನಿನ್ನ ಆ ಕಾರ್ಡ್ ಈಗ ಇಲ್ಲ. ನಿನಗೆ ನೆನಪಿರಬಹುದು, ಹೋದ ಡಿಸೆಂಬರಿನಲ್ಲಿ ಸ್ಕೂಲ್ ಪ್ರಾಜೆಕ್ಟಿಗೆ ಬೇಕು ಅಂತ ನೀನು ಕೇಳಿದಾಗ "ಎಲ್ಲೋ ಇದೆ, ಹುಡುಕೋಣ" ಅಂದೆ. ಅದು ಸುಳ್ಳು. ಮನೆ ಶಿಫ್ಟ್ ಮಾಡಿದಾಗ ಆ ಫೈಲಿದ್ದ ರಟ್ಟಿನ ಡಬ್ಬವನ್ನು ಒಂದು ರಾತ್ರಿ ಬಾಲ್ಕನಿಯಲ್ಲಿ ಬಿಟ್ಟೆ, ಮಳೆ ಬಂತು. ಬೆಳಿಗ್ಗೆ ತೆಗೆದರೆ ನೀಲಿ ನೀರು. ನನ್ನದೇ ತಪ್ಪು, ಬೇರೆ ಯಾರದ್ದೂ ಅಲ್ಲ. ನಿನಗೆ ಹೇಳೋಕೆ ಧೈರ್ಯ ಬರಲಿಲ್ಲ. ಅವರು 6,500 ವರ್ಷ ಉಳಿಯೋ ಹಾಗೆ ಮಾಡಿಟ್ಟರು, ನನ್ನ ಕೈಲಿ ಹತ್ತು ವರ್ಷ ಉಳಿಸೋಕೆ ಆಗಲಿಲ್ಲ ನೋಡು.

ಇನ್ನೊಂದು ನೆನಪಾಯಿತು. ಬ್ರಹ್ಮಗಿರಿಗೆ ಹೋಗಿದ್ದೆವಲ್ಲ, ಮೊಳಕಾಲ್ಮೂರು ಹತ್ತಿರ, ಅಶೋಕನ ಶಾಸನ ನೋಡೋಕೆ. ಬಿಸಿಲಿಗೆ ನೀನು ಮುಖ ಊದಿಸಿಕೊಂಡು ಕಾರಿನಲ್ಲೇ ಕೂತಿದ್ದೆ. ಅಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಅಗೆಸಿದಾಗ, ಹೊಸ ಶಿಲಾಯುಗದ ಜನ ವಾಸವಿದ್ದ ಜಾಗದಲ್ಲೇ ಎಳೆ ಮಕ್ಕಳನ್ನು ಮಡಕೆಯಲ್ಲಿಟ್ಟು ಹೂತಿದ್ದು ಸಿಕ್ಕಿತ್ತು. ಇಲ್ಲಿ ಆವೊಮೊರಿಯ ಸನ್ನಾಯಿ ಮರುಯಾಮಾದಲ್ಲೂ ಹಾಗೇ, ದೊಡ್ಡವರ ಗೋರಿಗಳು ದಾರಿಯ ಎರಡೂ ಕಡೆ ಸಾಲಾಗಿ, ಮಕ್ಕಳು ಮಾತ್ರ ಮಡಕೆಯಲ್ಲಿ, ಮನೆಗಳ ಹತ್ತಿರ. ಅವರಿಗೂ ಇವರಿಗೂ ಯಾವ ಸಂಬಂಧವೂ ಇಲ್ಲ, ಕಾಲವೂ ಬೇರೆ. ಸತ್ತ ಮಗುವನ್ನು ದೂರ ಕಳಿಸೋಕೆ ಎರಡೂ ಕಡೆ ಯಾರಿಗೂ ಮನಸ್ಸು ಬಂದಿಲ್ಲ, ಅಷ್ಟೇ ನನಗೆ ಅನಿಸಿದ್ದು.

ಸರಿ, ಬೊಂಬೆ ಕಥೆ. 1975ರಲ್ಲಿ ಇದೇ ಊರಿನ ಒಬ್ಬ ಹೆಂಗಸು ತಮ್ಮ ಹೊಲದಲ್ಲಿ ಆಲೂಗಡ್ಡೆ ಕೀಳುತ್ತಿದ್ದರು. ಗುದ್ದಲಿಗೆ ಏನೋ ತಾಗಿತು. ತೆಗೆದು ನೋಡಿದರೆ ಬೊಂಬೆ. 41.5 ಸೆಂಟಿಮೀಟರ್ ಎತ್ತರ, ಒಳಗೆ ಪೊಳ್ಳು, ಗೋಡೆ ಎಷ್ಟು ತೆಳು ಅಂದರೆ ಅಷ್ಟುದ್ದದ್ದನ್ನು ಒಡೆಯದ ಹಾಗೆ ಸುಟ್ಟಿದ್ದು ಹೇಗೆ ಅಂತ ಆಶ್ಚರ್ಯ. ಸುಮಾರು 3,500 ವರ್ಷ ಹಳೆಯದು. 2007ರಲ್ಲಿ ಅದನ್ನು ರಾಷ್ಟ್ರೀಯ ನಿಧಿ ಅಂತ ಘೋಷಿಸಿದರು, ಇಡೀ ಹೊಕ್ಕೈಡೊಗೆ ಅಂಥ ನಿಧಿ ಇದೇ ಮೊದಲನೆಯದು. ಕತ್ತಲೆ ಕೋಣೆಯಲ್ಲಿ ಒಂಟಿಯಾಗಿ ನಿಲ್ಲಿಸಿದ್ದಾರೆ, ಸುತ್ತ ಹೋಗಿ ನೋಡಬಹುದು. ಎರಡೂ ಕೈ ಇಲ್ಲ. ಮುಖ ಸ್ವಲ್ಪ ಮೇಲಕ್ಕೆ ಎತ್ತಿದೆ, ಯಾರೋ ಕರೆದರು ಅಂತ ನೋಡೋ ಹಾಗೆ. ಇಲ್ಲಿನವರು ಪ್ರೀತಿಯಿಂದ ಕಕ್ಕೂ ಅಂತ ಕರೆಯುತ್ತಾರೆ. ಚೆನ್ನಾಗಿತ್ತು, ಸುಳ್ಳು ಹೇಳಲ್ಲ. ಎಲ್ಲರೂ ಅಲ್ಲೇ ಜಾಸ್ತಿ ಹೊತ್ತು ನಿಲ್ಲುತ್ತಿದ್ದರು. ನಾನು ಹತ್ತು ನಿಮಿಷ ನೋಡಿ ಮತ್ತೆ ಬಿಲ್ಲೆಗಳ ಹತ್ತಿರ ವಾಪಸ್ ಬಂದೆ. ಕಾವಲಿನ ಹೆಂಗಸು ನನ್ನನ್ನು ನೋಡಿ, ಏನಂದುಕೊಂಡರೋ, ಸಣ್ಣಗೆ ತಲೆ ಬಾಗಿಸಿದರು.

ಅಂದ ಹಾಗೆ ನೀನು ಕೇಳಿದ ಬಿಳಿ ಶೂ ಇಲ್ಲಿ ಸಿಕ್ಕಿತು. ಆದರೆ ಜಪಾನಿನಲ್ಲಿ ಶೂ ಅಳತೆ ಸೆಂಟಿಮೀಟರಿನಲ್ಲಿ, ಅಂಗಡಿಯವಳು "ಎಷ್ಟು?" ಅಂತ ಕೇಳಿದಾಗ ನನಗೆ ಹೇಳೋಕೆ ಗೊತ್ತಾಗಲಿಲ್ಲ. ಆರು ತಿಂಗಳಲ್ಲಿ ಬೆಳೆದಿರುತ್ತೀಯ. ಒಂದು ಹಾಳೆ ನೆಲಕ್ಕೆ ಹಾಕಿ ಅದರ ಮೇಲೆ ನಿಂತುಕೋ, ನಿಮ್ಮಪ್ಪನಿಗೆ ಪೆನ್ಸಿಲಿನಲ್ಲಿ ಸುತ್ತ ಗೆರೆ ಎಳೆಯೋಕೆ ಹೇಳು, ಕಚಗುಳಿ ಆದರೂ ಅಲ್ಲಾಡಬೇಡ. ಹಿಮ್ಮಡಿಯಿಂದ ಹೆಬ್ಬೆರಳ ತುದಿವರೆಗೆ ಅಳೆದು ನನಗೆ ಮೆಸೇಜ್ ಹಾಕು. ಹಾಳೆ ಬಿಸಾಕಬೇಡ. ಮೂಲೆಯಲ್ಲಿ ತಾರೀಕು ಬರೆದು ಅಜ್ಜಿಯ ಕಬ್ಬಿಣದ ಟ್ರಂಕಿನಲ್ಲಿ ಇಡು, ಬಾಲ್ಕನಿಯಲ್ಲಿ ಅಲ್ಲ.

ಇಂತಿ ನಿನ್ನ
ಅಮ್ಮ