ಜಗಲಿಯ ಟಿ.ವಿ.ಯೂ ಒಬ್ಬ ಮೇಷ್ಟ್ರೂ: ಯುವ ಲೇಖಕಿಗೆ ಒಂದು ಪತ್ರ

ಶಿವಮೊಗ್ಗ

ಪ್ರೀತಿಯ ತಂಗಿ,

ನೀನು ಕಳುಹಿಸಿದ ಹನ್ನೊಂದು ಪುಟಗಳ ಬರಹ ಕಳೆದ ವಾರ ಕೈಸೇರಿತು. ಮೊದಲ ಸಲ ಸುಮ್ಮನೆ ಓದಿದೆ, ಎರಡನೆಯ ಸಲ ಪೆನ್ಸಿಲು ಹಿಡಿದು ಓದಿದೆ. ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರನ್ನು ಗಾಯಕರೆಂದು ನೆನೆದು ಬರೆದವರು ಕನ್ನಡದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಈಟಿವಿ ಕನ್ನಡದ ‘ಎದೆ ತುಂಬಿ ಹಾಡುವೆನು’ ಕಾರ್ಯಕ್ರಮದಲ್ಲಿ ಹಾಡುವ ಮಕ್ಕಳ ಎದುರು ಕುಳಿತು ಅದನ್ನು ನಡೆಸಿಕೊಡುತ್ತಿದ್ದ ಆ ಹಿರಿಯರನ್ನು, ತೀರ್ಥಹಳ್ಳಿ ಸೀಮೆಯ ಒಂದು ಅಡಿಕೆ ತೋಟದ ಮನೆಯ ಜಗಲಿಯಿಂದ ನೋಡಿದ ಮಗುವಾಗಿ ನೆನೆಯಲು ಹೊರಟಿರುವ ನಿನ್ನ ಪ್ರಯತ್ನ ನನಗೆ ಬಹಳ ಇಷ್ಟವಾಯಿತು. ಇಷ್ಟವಾದ ಕಾರಣಕ್ಕೇ ಈ ಪತ್ರ ಸ್ವಲ್ಪ ಉದ್ದವಾಗುತ್ತದೆ, ಬೇಸರಿಸಬೇಡ.

ನಿನ್ನ ಮೊದಲ ಮೂರು ಪುಟಗಳಲ್ಲಿ ಅವರು 1946ರ ಜೂನ್ 4ರಂದು ನೆಲ್ಲೂರು ಸೀಮೆಯಲ್ಲಿ ಹುಟ್ಟಿದ್ದು, ಇಂಜಿನಿಯರಿಂಗ್ ಓದಲು ಹೊರಟವರು ಹಾಡಿನ ಕಡೆ ತಿರುಗಿದ್ದು, ನಾಲ್ಕು ಭಾಷೆಗಳ ಹಾಡುಗಳಿಗೆ ಆರು ರಾಷ್ಟ್ರಪ್ರಶಸ್ತಿ ಪಡೆದದ್ದು, ಕೋವಿಡ್ ತಗುಲಿ ಆಸ್ಪತ್ರೆ ಸೇರಿ 2020ರ ಸೆಪ್ಟೆಂಬರ್ 25ರಂದು ಚೆನ್ನೈಯಲ್ಲಿ ತೀರಿಕೊಂಡದ್ದು, ಎಲ್ಲವೂ ಇವೆ, ಎಲ್ಲವೂ ಸರಿಯಾಗಿಯೇ ಇವೆ. ಆದರೆ ನಿನ್ನ ಜಗಲಿಯಲ್ಲಿ ಕುಳಿತಿದ್ದ ಎಂಟು ವರ್ಷದ ಹುಡುಗಿಗೆ ಇವುಗಳಲ್ಲಿ ಒಂದೂ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿಲ್ಲದ್ದನ್ನು ಅವಳ ಬಾಯಿಯಲ್ಲಿ ಹೇಳಿಸಿದಾಗ ಓದುವವರಿಗೆ ಅವಳು ಕಾಣುವುದೇ ಇಲ್ಲ. ಆ ಮೂರು ಪುಟಗಳಿಂದ ನಾನಾಗಿದ್ದರೆ ಒಂದೇ ಒಂದು ಸಂಗತಿಯನ್ನು ಉಳಿಸಿಕೊಳ್ಳುತ್ತಿದ್ದೆ. ಅವರು ಕನ್ನಡಕ್ಕೆ ಮೊದಲು ಹಾಡಿದ್ದು 1967ರಲ್ಲಿ ತೆರೆಗೆ ಬಂದ ‘ನಕ್ಕರೆ ಅದೇ ಸ್ವರ್ಗ’ ಚಿತ್ರಕ್ಕೆ. ಹಾಗೆಂದರೆ ನೀನು ಅವರನ್ನು ಟಿ.ವಿ.ಯಲ್ಲಿ ಕಾಣುವ ಹೊತ್ತಿಗೆ ಆ ಕಂಠ ಕನ್ನಡದ ಮನೆಗಳಿಗೆ ಮೂವತ್ತೈದು ವರ್ಷಕ್ಕೂ ಹೆಚ್ಚು ಹಳೆಯದಾಗಿತ್ತು. ನಿನ್ನ ಅಮ್ಮಮ್ಮ ಆ ದನಿಯನ್ನು ಭದ್ರಾವತಿ ಆಕಾಶವಾಣಿಯ ಚಿತ್ರಗೀತೆಗಳಲ್ಲಿ ಮುಖ ಕಾಣದೆ ಕೇಳುತ್ತ ಬಂದವರು. ನಿನಗೆ ಮೊದಲು ಕಂಡದ್ದು ಮುಖ. ನಕ್ಕಾಗ ಕಣ್ಣು ಸಣ್ಣದಾಗುವ, ಮಕ್ಕಳ ಕಡೆ ಬಾಗಿ ಮಾತಾಡುವ ಆ ಭಾರೀ ಮೈಕಟ್ಟಿನವರು ದೊಡ್ಡ ಹಾಡುಗಾರರೆಂಬುದು ನಿನಗೆ ಆಮೇಲೆ ತಿಳಿಯಿತು ಎಂದು ಆರನೆಯ ಪುಟದ ಮೂಲೆಯಲ್ಲಿ ಎಲ್ಲೋ ಬರೆದಿದ್ದೀಯೆ. ಒಂದೇ ಜಗಲಿಯಲ್ಲಿ ಅಜ್ಜಿ ಮತ್ತು ಮೊಮ್ಮಗಳು ಒಬ್ಬರೇ ಮನುಷ್ಯನನ್ನು ಎರಡು ಬಾಗಿಲುಗಳಿಂದ ಹೊಕ್ಕು ಭೇಟಿಯಾದರು ಎಂಬುದನ್ನು ಹೇಳುವುದಕ್ಕೆ ಆ 1967 ಬೇಕು. ಉಳಿದ ಅಂಕಿಗಳು ಬೇಡ.

ಇನ್ನು ‘ಗಾನ ಗಂಧರ್ವ’ ಎಂಬ ಮಾತು. ಅದು ನಿನ್ನ ಬರಹದಲ್ಲಿ ಒಂಬತ್ತು ಸಲ ಬಂದಿದೆ. ಅದು ಸುಳ್ಳಲ್ಲ, ಆದರೆ ಸಭೆಯ ಬ್ಯಾನರಿನಿಂದ ಬಂದದ್ದು, ನಿನ್ನ ಮನೆಯದಲ್ಲ. ನಿನ್ನ ಅಮ್ಮಮ್ಮ ಅವರನ್ನು ‘ಹಾಡಿನ ಮೇಷ್ಟ್ರು’ ಎಂದು ಕರೆಯುತ್ತಿದ್ದರೆಂದೂ, ‘ಮೇಷ್ಟ್ರು ಬಂದ್ರು, ಟಿ.ವಿ. ಹಾಕು’ ಎನ್ನುತ್ತಿದ್ದರೆಂದೂ ನೀನು ಒಮ್ಮೆ ಮಾತ್ರ ಬರೆದು ಮುಂದೆ ಹೋಗಿದ್ದೀಯೆ. ಕಾರ್ಯಕ್ರಮದವರ ಲೆಕ್ಕದಲ್ಲಿ ಅವರು ನಿರೂಪಕರೂ ಹೌದು, ತೀರ್ಪುಗಾರರೂ ಹೌದು. ಆದರೆ ನಿಮ್ಮ ಮನೆ ಅವರಿಗೆ ಕೊಟ್ಟ ಹುದ್ದೆ ಮೇಷ್ಟರದು. ಮಲೆನಾಡಿನಲ್ಲಿ ಆ ಶಬ್ದಕ್ಕೆ ಎಷ್ಟು ತೂಕವಿದೆ ಎಂಬುದನ್ನು ನಾನು ನಿನಗೆ ಹೇಳಬೇಕಾಗಿಲ್ಲ. ಮಳೆಗಾಲದಲ್ಲಿ ಹಳ್ಳದ ಮೇಲಿನ ಸಂಕ ದಾಟಿಸಿ ಮಕ್ಕಳನ್ನು ಮನೆ ಮುಟ್ಟಿಸಿದವರನ್ನು ನಾವು ಹಾಗೆ ಕರೆಯುತ್ತ ಬಂದಿದ್ದೇವೆ. ಗಂಧರ್ವನನ್ನು ತೆಗೆದು ಮೇಷ್ಟರನ್ನು ಉಳಿಸು.

ಕಾರ್ಯಕ್ರಮದ ಹೆಸರಿನ ಬಗ್ಗೆ ನೀನು ಒಂದು ಮಾತೂ ಬರೆಯದಿರುವುದು ನನಗೆ ಆಶ್ಚರ್ಯವನ್ನುಂಟುಮಾಡಿತು. ಆ ಹೆಸರು ಕೇಳಿದೊಡನೆ ಕನ್ನಡ ಓದುವವರಿಗೆ ನೆನಪಾಗುವುದು ಜಿ.ಎಸ್. ಶಿವರುದ್ರಪ್ಪನವರ ‘ಎದೆ ತುಂಬಿ ಹಾಡಿದೆನು’ ಪದ್ಯ. ಅವರು ನಮ್ಮ ಜಿಲ್ಲೆಯವರೇ, ಶಿಕಾರಿಪುರ ತಾಲ್ಲೂಕಿನ ಈಸೂರಿನಲ್ಲಿ 1926ರಲ್ಲಿ ಹುಟ್ಟಿದವರು. 1942ರಲ್ಲಿ ತನ್ನನ್ನು ತಾನೇ ಸ್ವತಂತ್ರವೆಂದು ಸಾರಿಕೊಂಡ ಈಸೂರೇ ಅದು. ಪದ್ಯ ಮೊದಲಾಗುವುದು ‘ಹಾಡಿದೆನು’ ಎಂಬ ಭೂತಕಾಲದಲ್ಲಿ, ಕಾರ್ಯಕ್ರಮದ ಹೆಸರಿನಲ್ಲಿ ಇರುವುದು ‘ಹಾಡುವೆನು’. ಹಾಡಿ ಮುಗಿಸಿದವರ ಮಾತು ಇನ್ನು ಹಾಡಬೇಕಾದ ಮಕ್ಕಳ ಮಾತಾಯಿತು. ಒಂದು ಕ್ರಿಯಾಪದದ ಕಾಲ ಬದಲಾದರೆ ಎಷ್ಟೆಲ್ಲ ಬದಲಾಗುತ್ತದೆ ಎಂಬುದನ್ನು ಬರೆಯುವವಳಾದ ನೀನು ಗಮನಿಸಬೇಕು. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಆ ಪದ್ಯ ಹಾಡುವವನ ಹೆಮ್ಮೆಯದಲ್ಲ. ಎರಡನೆಯ ಸಾಲಿಗೇ ಅದು ಮನಸ್ಸಿಟ್ಟು ಕೇಳಿದವರ ಕಡೆಗೆ ತಿರುಗುತ್ತದೆ, ಅವರು ಕುಳಿತು ಕೇಳುವುದೇ ಬಹುಮಾನವೆನ್ನುತ್ತದೆ.

ನಿನ್ನ ಬರಹಕ್ಕೆ ಬೇಕಾದ ದಾರಿ ಅಲ್ಲಿಯೇ ಇದೆ ಎಂದು ನನಗೆ ಅನ್ನಿಸುತ್ತದೆ. ಜೀವಮಾನವೆಲ್ಲ ಹಾಡಿದವರೊಬ್ಬರು ಕುರ್ಚಿಯಲ್ಲಿ ಕುಳಿತು ಹತ್ತು ವರ್ಷದ ಮಗುವೊಂದು ಹಾಡುವುದನ್ನು ಕೇಳುತ್ತಿದ್ದರು. ನೀನು ನೋಡಿದ್ದು ಅದನ್ನು. ಅವರು ಹಾಡಿದ್ದನ್ನು ನಾಡೆಲ್ಲ ಕೇಳಿದೆ, ಆದರೆ ಅವರು ಕೇಳುತ್ತಿದ್ದುದನ್ನು ನಿಮ್ಮ ತಲೆಮಾರಿನ ಮಕ್ಕಳು ವಾರವಾರವೂ ಕಣ್ಣಾರೆ ಕಂಡರು. ಮಗು ಹಾಡಿ ಮುಗಿಸಿದ ಮೇಲೆ ಅವರು ಆ ಹಾಡನ್ನು ಬರೆದವರಾರು, ರಾಗ ಹಾಕಿದವರಾರು ಎಂದು ಹೇಳಿ, ಅವರನ್ನು ಗೌರವದಿಂದ ನೆನೆಯುತ್ತಿದ್ದರು. ತಪ್ಪಿದ ಸಾಲನ್ನು ತಾವೇ ಮೆಲ್ಲಗೆ ಹಾಡಿ ತೋರಿಸುತ್ತಿದ್ದರು. ಮನೆಮಾತು ತೆಲುಗಾದ ಅವರು ಕನ್ನಡದ ಮಕ್ಕಳಿಗೆ ಕನ್ನಡದ ಉಚ್ಚಾರಣೆಯನ್ನು ತಿದ್ದುತ್ತಿದ್ದರು, ಅದನ್ನು ಯಾರೂ ಅವಮಾನವೆಂದು ತಿಳಿಯಲಿಲ್ಲ. ಯಾಕೆ ತಿಳಿಯಲಿಲ್ಲ? ಆ ತಿದ್ದುವಿಕೆಯ ಹಿಂದೆ ಪೂರ್ತಿ ಹಾಡನ್ನು ಗಮನವಿಟ್ಟು ಕೇಳಿದ ಕಿವಿ ಇತ್ತು ಎಂದು ನಾನು ನಂಬುತ್ತೇನೆ. ನೀನು ಇದನ್ನು ‘ಅವರ ಸರಳತೆ’ ಎಂಬ ಎರಡು ಪದಗಳಲ್ಲಿ ಮುಗಿಸಿದ್ದೀಯೆ. ಸರಳತೆ ಎನ್ನುವ ಬದಲು ಅವರ ಕುತ್ತಿಗೆ ಯಾವ ಕಡೆ ವಾಲುತ್ತಿತ್ತು, ಮಗು ಶ್ರುತಿ ತಪ್ಪಿದಾಗ ಅವರ ಮುಖ ಏನಾಗುತ್ತಿತ್ತು, ಹೇಳುವ ಮೊದಲು ಎಷ್ಟು ಹೊತ್ತು ಸುಮ್ಮನಿರುತ್ತಿದ್ದರು, ನಿನಗೆ ನೆನಪಿರುವಷ್ಟನ್ನೇ ಬರೆ. ಒಂದೇ ನೆನಪಿದ್ದರೆ ಒಂದನ್ನೇ ಬರೆ.

ನೆನಪಿನ ವಿಷಯದಲ್ಲಿ ನಾನು ಒಮ್ಮೆ ದೊಡ್ಡ ತಪ್ಪು ಮಾಡಿದ್ದೇನೆ, ಅದನ್ನು ನಿನಗೆ ಹೇಳಬೇಕು. ನಮ್ಮ ಬಾಲ್ಯದಲ್ಲಿ ಟಿ.ವಿ. ಇರಲಿಲ್ಲ. 1965ರಲ್ಲಿ ಆರಂಭವಾದ ಭದ್ರಾವತಿ ಆಕಾಶವಾಣಿಯೇ ನಮಗೆ ಎಲ್ಲವೂ ಆಗಿತ್ತು. ಅಲ್ಲಿನ ಮಕ್ಕಳ ಕಾರ್ಯಕ್ರಮದಲ್ಲಿ ಒಬ್ಬರು ಅಕ್ಕ ಮಕ್ಕಳ ಪತ್ರಗಳನ್ನು ಓದುತ್ತಿದ್ದರು. ಮೂವತ್ತರ ವಯಸ್ಸಿನಲ್ಲಿ ನಾನು ಆ ದನಿಯ ಕುರಿತು ಒಂದು ಪ್ರಬಂಧ ಬರೆದೆ. ನಾನು ಬರೆದ ಕಾರ್ಡನ್ನು ಆ ಅಕ್ಕ ಓದಿದರೆಂದೂ, ನನ್ನ ಹೆಸರೂ ನಮ್ಮೂರಿನ ಹೆಸರೂ ರೇಡಿಯೋದಿಂದ ಬಂದಾಗ ನನಗೆ ಮೈಯೆಲ್ಲ ರೋಮಾಂಚನವಾಯಿತೆಂದೂ ಅದರಲ್ಲಿತ್ತು. ಪ್ರಬಂಧ ಅಚ್ಚಾಯಿತು, ಮೆಚ್ಚುಗೆಯೂ ಬಂತು. ನನ್ನ ಸ್ವಂತ ಅಕ್ಕ ಮಾತ್ರ ಅದನ್ನು ಓದಿ, ಸಿಟ್ಟಿಲ್ಲದೆ, ‘ಆ ಕಾರ್ಡು ನನ್ನದು ಕಣೋ, ನೀನು ಪಕ್ಕದಲ್ಲಿ ನಿಂತಿದ್ದೆ’ ಎಂದಳು. ಅವಳು ಹೇಳಿದ ಮೇಲೆ ನಿಜವಾದ ನೆನಪು ಬಂತು. ರೇಡಿಯೋದಿಂದ ಬಂದದ್ದು ಅವಳ ಹೆಸರು. ನಾನು ರೇಡಿಯೋವನ್ನು ನೋಡುತ್ತಿರಲಿಲ್ಲ, ಅವಳ ಮುಖವನ್ನು ನೋಡುತ್ತಿದ್ದೆ. ಅವಳು ಎರಡೂ ಕೈಗಳಿಂದ ಲಂಗದ ಅಂಚನ್ನು ಹಿಡಿದುಕೊಂಡು ಉಸಿರು ಬಿಡದೆ ನಿಂತಿದ್ದಳು. ನಾನು ಬರೆಯಬೇಕಾಗಿದ್ದದ್ದು ಅದನ್ನು. ಇಪ್ಪತ್ತು ವರ್ಷ ಅವಳದಾಗಿದ್ದ ಸಂತೋಷವನ್ನು ನಾನು ಅರಿವಿಲ್ಲದೆ ನನ್ನದಾಗಿಸಿಕೊಂಡಿದ್ದೆ, ಅದರ ಜೊತೆಗೆ ನನ್ನದಾಗಿದ್ದ ನೋಟವನ್ನೂ ಕಳೆದುಕೊಂಡಿದ್ದೆ.

ಆದ್ದರಿಂದ ನಿನ್ನ ಬರಹವನ್ನು ಅಚ್ಚಿಗೆ ಕೊಡುವ ಮೊದಲು ಅಂದು ಜಗಲಿಯಲ್ಲಿದ್ದವರಿಗೆ ಒಮ್ಮೆ ಓದಿ ಹೇಳು. ಕಾರ್ಯಕ್ರಮದ ಹಳೆಯ ತುಣುಕುಗಳು ಈಗ ಫೋನಿನಲ್ಲೇ ಸಿಗುತ್ತವೆ. ಅವನ್ನು ನೋಡುತ್ತ ಬರೆಯಬೇಡ. ನೋಡಿದ ಮೇಲೆ ಕ್ಯಾಮೆರಾ ಕಂಡದ್ದು ಯಾವುದು, ನೀನು ಕಂಡದ್ದು ಯಾವುದು ಎಂದು ನಿನಗೇ ತಿಳಿಯುವುದಿಲ್ಲ. ಮೊದಲು ನೆನಪಿನಿಂದ ಬರೆದು ಮುಗಿಸು, ಆಮೇಲೆ ಸರಿನೋಡುವುದಕ್ಕಾಗಿ ಮಾತ್ರ ನೋಡು. ಸರಿನೋಡಲೇಬೇಕಾದದ್ದೂ ಇದೆ. 1998ರ ಸುಗ್ಗಿಯಲ್ಲಿ, ನೀನಿನ್ನೂ ಎರಡು ವರ್ಷದ ಕೂಸಾಗಿದ್ದಾಗಲೇ ಮನೆಯವರು ಈ ಕಾರ್ಯಕ್ರಮವನ್ನು ನೋಡುತ್ತಿದ್ದರೆಂದು ಬರೆದಿದ್ದೀಯೆ. ಈಟಿವಿ ಕನ್ನಡ ಆರಂಭವಾದದ್ದೇ 2000ದ ಡಿಸೆಂಬರಿನಲ್ಲಿ. ವಾಹಿನಿಗೆ ಕಲರ್ಸ್ ಕನ್ನಡ ಎಂಬ ಹೆಸರು ಬಂದದ್ದು 2015ರಲ್ಲಿ, ಆದ್ದರಿಂದ ನಿನ್ನ ಬಾಲ್ಯದ ಪುಟಗಳಲ್ಲಿ ಆ ಹೆಸರು ಸುಳಿಯಬಾರದು.

ಏಳನೆಯ ಮತ್ತು ಎಂಟನೆಯ ಪುಟಗಳಲ್ಲಿ ಈಗಿನ ಮಕ್ಕಳ ಸ್ಪರ್ಧೆಗಳನ್ನು ಬೈದಿದ್ದೀಯೆ. ಮಗು ಅಳುವಾಗ ಹಿನ್ನೆಲೆ ಸಂಗೀತ ಏರಿಸುವುದು ನನಗೂ ಸಹಿಸಲಾಗದ ಸಂಗತಿ. ಆದರೂ ಆ ಎರಡು ಪುಟಗಳನ್ನು ತೆಗೆದುಬಿಡು. ಸೋತ ಮಗುವನ್ನು ನಿಮ್ಮ ಮೇಷ್ಟ್ರು ಹೇಗೆ ಕಳುಹಿಸಿಕೊಡುತ್ತಿದ್ದರು ಎಂಬುದನ್ನು ನಿಧಾನವಾಗಿ ಬರೆದರೆ ಬೈಗುಳಕ್ಕೆ ಕೆಲಸವಿರುವುದಿಲ್ಲ.

ಈಗ ಜಗಲಿಗೆ ಬರೋಣ, ಯಾಕೆಂದರೆ ನಿನ್ನ ಬರಹದ ಜೀವ ಇರುವುದು ಅಲ್ಲಿ. ಅಡಿಕೆ ಸುಲಿಯುವ ದಿನಗಳಲ್ಲಿ ನಿನ್ನ ಅಪ್ಪಯ್ಯ ಟಿ.ವಿ.ಯನ್ನು ನಡುಮನೆಯಿಂದ ಜಗಲಿಗೆ ತಂದು, ಹಳೆಯ ಅಕ್ಕಿ ಮರಿಗೆಯನ್ನು ಕವುಚಿ ಅದರ ಮೇಲೆ ಇಡುತ್ತಿದ್ದರೆಂದೂ, ವೋಲ್ಟೇಜ್ ಇಳಿದಾಗ ಚಿತ್ರ ನಾಲ್ಕೂ ಕಡೆಯಿಂದ ಕುಗ್ಗುತ್ತಿತ್ತೆಂದೂ, ಹತ್ತು ಹನ್ನೆರಡು ಜನ ಮೆಟ್ಟುಗತ್ತಿಯ ಮುಂದೆ ಕುಳಿತು ಕೈ ನಿಲ್ಲಿಸದೆ ಹಾಡು ಕೇಳುತ್ತಿದ್ದರೆಂದೂ ಬರೆದಿದ್ದೀಯೆ. ಇದು ಬಹಳ ಚೆನ್ನಾಗಿದೆ. ಆದರೆ ಆ ಹತ್ತು ಹನ್ನೆರಡು ಜನರನ್ನು ನೀನು ‘ಕೆಲಸದವರು’ ಎಂದು ಒಂದೇ ಪದದಲ್ಲಿ ಕಟ್ಟಿಹಾಕಿದ್ದೀಯೆ. ಅವರು ಸುಲಿದದ್ದನ್ನು ಡಬ್ಬದಲ್ಲಿ ಅಳೆದು ಕೂಲಿ ಪಡೆಯುತ್ತಿದ್ದವರು. ಕೈ ನಿಂತರೆ ಡಬ್ಬ ತುಂಬುವುದಿಲ್ಲ, ಡಬ್ಬ ತುಂಬದಿದ್ದರೆ ಕೂಲಿ ಇಳಿಯುತ್ತದೆ. ಹಾಗಿದ್ದೂ ಒಂದು ಸಂಜೆ ಒಬ್ಬ ಹುಡುಗನ ಉಚ್ಚಾರಣೆಯನ್ನು ಮೇಷ್ಟ್ರು ತಿದ್ದುವಾಗ, ನಿನಗಿಂತ ನಾಲ್ಕೈದು ವರ್ಷ ದೊಡ್ಡವಳಾದ ಹುಡುಗಿಯೊಬ್ಬಳು ಕತ್ತಿಯ ಮೇಲೆ ಅಡಿಕೆ ಹಿಡಿದು ಹಾಗೆಯೇ ಕುಳಿತಳು ಎಂದು ಒಂಬತ್ತನೆಯ ಪುಟದಲ್ಲಿ ಹೇಳಿದ್ದೀಯೆ. ಅವಳು ಮರುದಿನ ಸುಲಿಯುತ್ತ ಅದೇ ಹಾಡನ್ನು ಹಾಡಿದಳು, ಹಿಂದೆಲ್ಲ ‘ಗಂದ’ ಎನ್ನುತ್ತಿದ್ದವಳು ಅಂದು ‘ಗಂಧ’ ಎಂದಳು, ಎಂದೂ ಹೇಳಿದ್ದೀಯೆ. ಅಷ್ಟು ಹೇಳಿ, ಮುಂದಿನ ಸಾಲಿನಲ್ಲೇ ಪದ್ಮ ಪುರಸ್ಕಾರಗಳಿಗೆ ಹಾರಿದ್ದೀಯೆ.

ತಂಗಿ, ಆ ಜಾಗದಲ್ಲಿ ನನ್ನ ಪೆನ್ಸಿಲು ನಿಂತುಬಿಟ್ಟಿತು. ಆ ಹುಡುಗಿ ಯಾವ ವೇದಿಕೆಯನ್ನೂ ಹತ್ತಿದವಳಲ್ಲ, ಮೇಷ್ಟ್ರಿಗೆ ಅವಳು ಇರುವುದೇ ಗೊತ್ತಿರಲಿಲ್ಲ. ಅವರು ಎಲ್ಲೋ ದೂರದಲ್ಲಿ ಇನ್ನೊಂದು ಮಗುವಿಗೆ ಹೇಳಿಕೊಟ್ಟ ಒಂದು ಮಹಾಪ್ರಾಣ ಘಟ್ಟದ ಕತ್ತಲೆಯನ್ನೂ ಮಲೆಯ ಮಳೆಯನ್ನೂ ದಾಟಿ ಬಂದು ನಿಮ್ಮ ಜಗಲಿಯಲ್ಲಿ ಅವಳ ನಾಲಗೆಯ ಮೇಲೆ ಕುಳಿತಿತು. ಹನ್ನೊಂದು ಪುಟಗಳಲ್ಲಿ ಬೇರೆ ಯಾರೂ ಬರೆಯಲಾರದ್ದು ಇದೊಂದೇ. ಇದರ ಸುತ್ತ ಹೊಸದಾಗಿ ಬರೆ. ಅವರನ್ನು ನೀನು ಪ್ರೀತಿಸಿದ್ದು ನಿಜವೆಂಬುದಕ್ಕೆ ನನಗೆ ಈ ಸಾಲು ಸಾಕು, ಓದುವವರಿಗೂ ಸಾಕಾಗುತ್ತದೆ.

ಆದರೆ ಅವಳ ಹೆಸರನ್ನು ನೀನು ಬರೆದಿಲ್ಲ, ಹಾಡು ಯಾವುದೆಂದೂ ಬರೆದಿಲ್ಲ. ಮರೆತೆಯೋ, ಬೇಡವೆಂದು ಬಿಟ್ಟೆಯೋ ತಿಳಿಯದು. ಅವಳನ್ನು ಕೊಪ್ಪದ ಕಡೆಗೆ ಮದುವೆ ಮಾಡಿಕೊಟ್ಟರೆಂದು ಒಂದು ಕಡೆ ಇದೆ. ತೀರ್ಥಹಳ್ಳಿಯಿಂದ ಕೊಪ್ಪಕ್ಕೆ ಬಸ್ಸಿನಲ್ಲಿ ಹೆಚ್ಚು ಹೊತ್ತಿನ ದಾರಿಯಲ್ಲ. ಅಡಿಕೆ ಗೊನೆಯ ಕೊಯ್ಲು ಶುರುವಾದರೆ ಅವಳಿಗೂ ಬಿಡುವಿರುವುದಿಲ್ಲ, ನಿನ್ನ ಮನೆಯಲ್ಲೂ ಬಿಡುವಿರುವುದಿಲ್ಲ. ಅದಕ್ಕೆ ಮೊದಲು ಒಂದು ದಿನ ಹೋಗಿ ಬಾ. ಹಾಡು ಯಾವುದಾಗಿತ್ತೆಂದು ಕೇಳು, ನಿನ್ನ ಬರಹದಲ್ಲಿ ತಾನು ಬರುವುದು ಅವಳಿಗೆ ಒಪ್ಪಿಗೆಯೇ ಎಂದೂ ಕೇಳು. ಅವಳು ಹೇಳಿದ್ದನ್ನು ನನಗೆ ಬರೆ.

ನಿನ್ನ ಹಿರಿಯ ಮಿತ್ರ