ಗೋಡೆಯ ಮೇಲಿದ್ದ ಹಾಳೆಗೆ ಊರು ಸಿಕ್ಕಿತು

ಆರು ವರ್ಷದಿಂದ ನಮ್ಮ ಮನೆಯ ಗೋಡೆಯ ಮೇಲಿದ್ದ, ಚರ್ಚಿನ ಹಾಡಿನ ಹಾಳೆ ಎಲ್ಲಿಯದು ಅಂತ ಕೊನೆಗೂ ಗೊತ್ತಾಯಿತು. ಸ್ಪೇನಿನ ತೊಲೆದೊ ಕಡೆಯದು, 16ನೇ ಶತಮಾನದ್ದು. ಇದಕ್ಕಾಗಿ ನನ್ನ ಜೊತೆ ತಲೆಕೆಡಿಸಿಕೊಂಡವರಿಗೆಲ್ಲ ಇಲ್ಲೇ ಕೈಮುಗಿಯುತ್ತೇನೆ.

ಟೊರಾಂಟೊದ ಹಳೇ ಸಾಮಾನಿನ ಅಂಗಡಿಯೊಂದರಲ್ಲಿ ಕೊಂಡಿದ್ದು. ಎರಡೂವರೆ ಅಡಿ ಎತ್ತರದ ಚರ್ಮದ ಹಾಳೆ. ಕೆಂಪು ಗೆರೆ, ಕಪ್ಪು ಚೌಕದಂಥ ಸ್ವರಗಳು, ಚಿನ್ನದ ರೇಕು ಹಚ್ಚಿದ ದೊಡ್ಡದೊಂದು ಅಕ್ಷರ. ಫ್ರೇಮಿನ ಹಿಂದೆ ‘ಇಟಲಿ, 1350’ ಅಂತ ಚೀಟಿ. ಮನೆಗೆ ಬಂದವರಿಗೆಲ್ಲ ನಾನೂ ಹಾಗೇ ಹೇಳುತ್ತಿದ್ದೆ.

ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಹಳೇ ಪುಸ್ತಕ ನೋಡಿಕೊಳ್ಳುವ ಮೇಡಂ ಫೋಟೊ ನೋಡಿದವರೇ, ಗೆರೆ ಎಣಿಸಿ ಅಂದರು. ಐದಿತ್ತು. ಚರ್ಚಿನ ಇಂಥ ಹಾಡಿಗೆ ಸಾಮಾನ್ಯವಾಗಿ ನಾಲ್ಕೇ ಗೆರೆ. ಐದು ಕೆಂಪು ಗೆರೆ ಜಾಸ್ತಿ ಕಾಣುವುದು ಸ್ಪೇನಿನ ಪುಸ್ತಕಗಳಲ್ಲಿ. ಹಿಂದಿನ ಮಗ್ಗುಲನ್ನೂ ನೋಡಬೇಕಲ್ವಾ ಅಂತ ಅವರೇ ಫ್ರೇಮ್ ಬಿಚ್ಚಿಸಿದರು.

ಫ್ರೇಮ್ ಅಂಗಡಿಯವರು ಎರಡು ಗಂಟೆ ಕೂತು, ಅಂಟಿದ್ದ ಟೇಪನ್ನು ಚೂರುಚೂರೇ ಬಿಡಿಸಿದರು. ಹಿಂದುಗಡೆ ತುಂಬ ಸಣ್ಣ ಚುಕ್ಕೆಗಳು. ಕೊಳೆ ಅಂದುಕೊಂಡೆ. ಅಲ್ಲ, ಆ ಪ್ರಾಣಿಯ ಕೂದಲಿನ ಬುಡಗಳು. ಕೆಳಗಿನ ಮೂಲೆಯೊಂದು ಮಾತ್ರ ಕಂದುಗಟ್ಟಿ ನುಣುಪಾಗಿತ್ತು, ಹಾಳೆ ಮಗುಚಿದ ಬೆರಳುಗಳಿಂದ. ಇಂಥ ಒಂದೇ ಪುಸ್ತಕವನ್ನು ಎತ್ತರದ ಪೀಠದ ಮೇಲಿಟ್ಟು ಇಡೀ ಗುಂಪು ನೋಡಿಕೊಂಡು ಹಾಡುತ್ತಿತ್ತು. ಆ ಮೂಲೆಯ ಹತ್ತಿರ ಬೆರಳು ಒಯ್ದೆ, ಮುಟ್ಟಲು ಮನಸ್ಸಾಗಲಿಲ್ಲ.

ಅದೇ ಮಗ್ಗುಲಲ್ಲಿ ಕೆಂಪು ಶಾಯಿಯ ಒಂದು ಸಾಲಿತ್ತು. ಮಂಗಳೂರಿನಲ್ಲಿರುವ ಅಪ್ಪನ ಗೆಳೆಯರು, ನಿವೃತ್ತ ಪಾದ್ರಿ, ಸೆಮಿನರಿಯಲ್ಲಿ ಲ್ಯಾಟಿನ್ ಕಲಿತವರು. ಫೋನಿನಲ್ಲೇ ಓದಿ ಹೇಳಿದರು: ಸಂತ ಲೆಯೊಕಾದಿಯಾ ಹಬ್ಬ, ಡಿಸೆಂಬರ್ 9. ತೊಲೆದೊ ಊರನ್ನು ಕಾಯುವ ಹೆಣ್ಣುಮಗಳು ಆಕೆ. ನಮ್ಮ ಊರುಗಳಿಗೆ ಗ್ರಾಮದೇವತೆ ಇದ್ದಂತೆ. ಫಾದರ್, ಕಣ್ಣಿನ ಆಪರೇಷನ್ ಆದ ವಾರದಲ್ಲೇ ನಿಮಗೆ ತೊಂದರೆ ಕೊಟ್ಟೆ. ನಿಮ್ಮ ಉಪಕಾರ ಮರೆಯುವುದಿಲ್ಲ.

ಹಾಡಿನ ಪದಗಳನ್ನು ಹುಡುಕಿದ್ದು ಕ್ಯಾಂಟಸ್ ಅನ್ನುವ ಡೇಟಾಬೇಸಿನಲ್ಲಿ. 1980ರ ದಶಕದಲ್ಲಿ ಸಂಗೀತ ವಿದ್ವಾಂಸೆ ರೂತ್ ಸ್ಟೈನರ್ ವಾಷಿಂಗ್ಟನ್ನಿನಲ್ಲಿ ಶುರುಮಾಡಿದ್ದು. ಯಾವ ಹಸ್ತಪ್ರತಿಯಲ್ಲಿ ಯಾವ ಹಬ್ಬಕ್ಕೆ ಯಾವ ಹಾಡು ಅಂತ ಒಂದೊಂದೇ ಸಾಲು ಕೂತು ಬರೆದಿಟ್ಟಿದ್ದಾರಲ್ಲ, ಅವರಿಗೆಲ್ಲ ನಾನು ಋಣಿ.

ಮೈಸೂರಿನ ದೊಡ್ಡಮ್ಮನನ್ನು ಮರೆತರೆ ತಪ್ಪಾಗುತ್ತದೆ. ಮೈಸೂರು ಶೈಲಿಯ ಚಿತ್ರ ಬರೆಯುವವರು. ವಿಡಿಯೊ ಕಾಲಿನಲ್ಲಿ, ಟಾರ್ಚ್ ಓರೆಯಾಗಿ ಹಿಡಿ ಅಂದರು. ಹಿಡಿದೆ. “ರೇಕಿನ ಕೆಳಗೆ ಉಬ್ಬು ಕೆಲಸ ಇದೆ ಕಣೇ, ನಾವು ಮಾಡೋ ಹಾಗೇ!” ಅಂತ ಕೂಗಿಬಿಟ್ಟರು.

1835-36ರಲ್ಲಿ ಪ್ರಧಾನಿ ಮೆಂದಿಸಾಬಲ್ ಅಧಿಕಾರದಲ್ಲಿದ್ದಾಗ ಸ್ಪೇನಿನ ಮಠಗಳನ್ನು ಮುಚ್ಚಿ ಆಸ್ತಿ ಮಾರಿಸಿದರು. ಎಷ್ಟೋ ಹಾಡಿನ ಪುಸ್ತಕಗಳು ಆಮೇಲೆ ಹಾಳೆಹಾಳೆಯಾಗಿ ಚೆದುರಿದವು. ಕೆಲವನ್ನು ಲ್ಯಾಂಪಿನ ಶೇಡ್ ಮಾಡಿದರು. ನೆನೆದರೆ ಹೊಟ್ಟೆ ಉರಿಯುತ್ತದೆ.

ಮುಂದಿನ ತಿಂಗಳು ಹಾಳೆಯನ್ನು ಮೇಡಂ ಅವರ ಲೈಬ್ರರಿಗೇ ಕೊಡುತ್ತಿದ್ದೇನೆ. ಒಂದೇ ಒಂದು ಕೋರಿಕೆ. ನಮ್ಮ ಹಾಳೆಯ ಕೊನೆಯ ಪದ ‘ಗ್ಲೋರಿಯಾ’, ಅದು ‘ಗ್ಲೋ’ ಅಂತ ಅರ್ಧಕ್ಕೇ ನಿಂತಿದೆ. ‘ರಿಯಾ’ ಅಂತ ಶುರುವಾಗುವ, ಐದು ಕೆಂಪು ಗೆರೆಯ ಹಾಳೆ ಯಾರ ಮನೆಯ ಗೋಡೆಯ ಮೇಲಾದರೂ ಕಂಡರೆ ದಯವಿಟ್ಟು ನನಗೆ ತಿಳಿಸಿ.